ಬಲಮೂಲೆಯ ಹೆಸರು

ಜೂನ್ 3, ಮಂಗಳವಾರ

ಒಣ ಉಷ್ಣಮಾಪಕ 24.8. ಒದ್ದೆ ಬಟ್ಟೆ ಸುತ್ತಿದ್ದು 22.1. ಮಳೆ ಇಲ್ಲ. ಎಂಟೂವರೆಗೆ ಓದಿದೆ. ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಬರೆದೆ. ಎಂಟು ಐವತ್ತಕ್ಕೆ ಹವಾಮಾನ ಇಲಾಖೆಯ ಪೋರ್ಟಲಿಗೆ ಸೈನ್ ಇನ್, ಐವತ್ತಮೂರಕ್ಕೆ ಕಳಿಸಿಯೂ ಆಯಿತು. ಒಂಬತ್ತಕ್ಕೆ ಅದು ಮುಚ್ಚುತ್ತದೆ. ಏಳು ನಿಮಿಷ ಉಳಿಯಿತು. ಯಾವಾಗಲೂ ಉಳಿಯುತ್ತದೆ.

ಎರಡು ವರ್ಷದ ಹಿಂದೆ ಕಂಪ್ಯೂಟರ್ ತಂದಿಟ್ಟಾಗ ಎಲ್ಲರೂ ಹೆದರಿಸಿದ್ದರು — ಪಾಸ್‌ವರ್ಡ್ ಮರೆತು ಒದ್ದಾಡುತ್ತೀರಿ ಎಂದು. ನಲವತ್ತೈದು ದಿನಕ್ಕೊಮ್ಮೆ ಬದಲಿಸಬೇಕು. ಇದುವರೆಗೆ ಒಂದನ್ನೂ ಮರೆತಿಲ್ಲ. ಬದಲಿಸುವ ದಿನದ ಮೂರು ರೀಡಿಂಗುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಅದೇ ಪಾಸ್‌ವರ್ಡ್. ರಿಜಿಸ್ಟರ್ ತೆಗೆದರೆ ಸಿಗುತ್ತದೆ. ಬೇರೆಯವರ ಕಣ್ಣಿಗೆ ಅದು ಬರೀ ಹವಾಮಾನ.

ನೀರು ಶುದ್ಧ ಮಾಡುವ ಘಟಕದ ಹಿತ್ತಿಲು, ಉಷ್ಣಮಾಪಕಗಳಿರುವ ನಾಲ್ಕು ಕಾಲಿನ ಬಿಳಿ ಮರದ ಪೆಟ್ಟಿಗೆ, ಹತ್ತು ಹೆಜ್ಜೆ ಆಚೆ ಮಳೆಮಾಪಕ. ಮೊದಲು ಅಪ್ಪ ಓದಿದರು, ಆಮೇಲೆ ನಾನು. ನಲವತ್ತಾರು ವರ್ಷ. ಒಂದು ದಿನವೂ ಖಾಲಿ ಇಲ್ಲ. ಅಪ್ಪ ಹೋದ ಬೆಳಿಗ್ಗೆಯೂ ಇದೆ: 21.3. ನನ್ನ ಕೈಬರಹ.

ಸಂಜೆ ತಮ್ಮನ ಮಗಳು ಶುರು ಮಾಡಿದಳು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಮನೆಯವರನ್ನೆಲ್ಲ ಗಿರಾಕಿಗಳಂತೆಯೇ ನೋಡುತ್ತಾಳೆ.

"ಅತ್ತೆ, ಪುಸ್ತಕ ಎಷ್ಟು ದೂರ ಹಿಡ್ಕೊಂಡಿದೀಯ ನೋಡು. ಇನ್ನೊಂದು ವರ್ಷಕ್ಕೆ ಪುಟ ತಿರುಗಿಸೋಕೆ ಪಕ್ಕದ ಮನೆಯವರನ್ನ ಕರೀಬೇಕಾಗುತ್ತೆ."

"ಡಿಗ್ರಿಯ ಹತ್ತನೇ ಒಂದು ಭಾಗ ಬರಿಗಣ್ಣಲ್ಲಿ ಓದ್ತೀನಿ ಕಣೆ."

"ಓದ್ತೀಯೋ, ಅಂದಾಜು ಹಾಕ್ತೀಯೋ?"

ಪುಟ ನಾನೇ ತಿರುಗಿಸಿದೆ. ಉತ್ತರ ಕೊಡುವಂಥ ಪ್ರಶ್ನೆಯಲ್ಲ.

ಜೂನ್ 5

ಅವಳಿಗೆ ರಜೆ. ಊಟದ ಡಬ್ಬಿ ಕೊಡುವ ನೆಪದಲ್ಲಿ ಘಟಕಕ್ಕೆ ಬಂದಳು. ನಾನು ಪರದೆಯ ಹತ್ತಿರ ಬಗ್ಗಿದ್ದನ್ನು ನೋಡಿ, ಕೇಳದೆಯೇ ಎರಡು ಕೀ ಒತ್ತಿ ಪುಟವನ್ನು ಉಬ್ಬಿಸಿದಳು. ಅಂಕಿಗಳು ಹೆಬ್ಬೆರಳ ಗಾತ್ರ ಆದವು.

"ಬಲಗಡೆ ಸ್ವಲ್ಪ ಆಚೆ ಹೋಗುತ್ತೆ. ಬೇಕಾದ್ರೆ ಕೆಳಗಿನ ಪಟ್ಟಿ ಎಳೆದು ನೋಡ್ಕೋ."

ನನಗೆ ಬೇಕಾದದ್ದೆಲ್ಲ ಎಡಗಡೆಯೇ ಇದೆ. ಹಾಗೇ ಇರಲಿ ಎಂದೆ. ಕಣ್ಣಿಗೆ ಅಂತಲ್ಲ, ವೇಗಕ್ಕೆ. ಇವತ್ತು ಐವತ್ತೆರಡಕ್ಕೇ ಮುಗಿಯಿತು.

ಜೂನ್ 9, ಸೋಮವಾರ

ನಾನು ಕಳಿಸಿ ಸೈನ್ ಔಟ್ ಆಗುವ ಹೊತ್ತಿಗೆ ಹೊರಗೆ ಸ್ಕೂಟರ್ ಸದ್ದು. ಸೊನ್ನೆಯವರು.

ಗುಡ್ಡದ ಆಚೆ, ನಾಲ್ಕು ಕಿಲೋಮೀಟರ್ ಕೆಳಗೆ, ಆಣೆಕಟ್ಟಿನ ಕೇಂದ್ರದ ವೀಕ್ಷಕರು. ಮೋಡ ಗುಡ್ಡ ದಾಟುವಷ್ಟರಲ್ಲಿ ನಮ್ಮ ಕಡೆಯೇ ಖಾಲಿಯಾಗುತ್ತದೆ. ಅವರ ಮಳೆಯ ಕಾಲಮ್ಮಿನಲ್ಲಿ ವರ್ಷವೆಲ್ಲ 0.0. ಇಡೀ ಇಲಾಖೆಗೆ ಅವರು ಸೊನ್ನೆ. ಅವರಿಗೂ ಬೇಜಾರಿಲ್ಲ.

"ಅಲ್ಲಿ ಕರೆಂಟ್ ಇಲ್ಲಮ್ಮ. ನಿಮ್ಮ ಕಂಪ್ಯೂಟರ್ ಐದು ನಿಮಿಷ ಕೊಡಿ."

"ನಾಲ್ಕೇ ಇರೋದು."

"ಸೊನ್ನೆ ಒತ್ತೋಕೆ ನಾಲ್ಕು ನಿಮಿಷ ಯಾಕೆ? ಒಂದು ಸಾಕು."

ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದರು. ಅಂಗೈ! ತಮ್ಮ ಹೆಸರಲ್ಲಿ ಸೈನ್ ಇನ್ ಆದರು. ಬ್ರೌಸರ್ ಏನೇನು ಕೇಳಿತೋ ಎಲ್ಲದಕ್ಕೂ 'ಹೌದು' ಒತ್ತಿದರು. ಕೇಳಿದ್ದನ್ನು ಓದಿ ಒತ್ತಬಾರದೇ ಎಂದೆ. "ಅದು ನನ್ನ ಒಳ್ಳೇದಕ್ಕೇ ಕೇಳ್ತಿರುತ್ತೆ ಬಿಡಿ" ಎಂದರು. ಐವತ್ತೊಂಬತ್ತಕ್ಕೆ ಹೋಯಿತು. ಮುಂದಿನ ತಿಂಗಳು ನಿವೃತ್ತಿಯಂತೆ. ಚಹಾ ಕುಡಿದು, ಕೈ ತೊಳೆದುಕೊಂಡು ಹೋದರು. ಅಲ್ಲಿಗೆ ಅವರ ದಾಖಲೆ ನೀರುಪಾಲು.

ಜೂನ್ 10

ಪುಟ ತೆರೆದರೆ ಎರಡೂ ಪೆಟ್ಟಿಗೆ ತುಂಬಿಕೊಂಡೇ ಇವೆ. ಮೇಲಿನದರಲ್ಲಿ ಕೇಂದ್ರದ ನಂಬರ್, ಕೆಳಗಿನದರಲ್ಲಿ ಚುಕ್ಕಿಗಳ ಸಾಲು. ಗುಂಡಿ ಒತ್ತಿದೆ, ನೇರ ಒಳಗೆ. ತಮ್ಮನ ಮಗಳ ಕರಾಮತ್ತೇ ಇರಬೇಕು, ಹೋದ ವಾರ ಅವಳು ಏನೋ ಮಾಡಿದ್ದಳಲ್ಲ. ಹೇಳಲಿಲ್ಲ, ಹೇಳಿದರೆ ಮೆರೆಯುತ್ತಾಳೆ.

ಎರಡು ವರ್ಷ ಬೇಕಾಯಿತು. ಕೊನೆಗೂ ಯಂತ್ರಕ್ಕೆ ನನ್ನ ಗುರುತು ಹತ್ತಿತು.

ಎಂಟು ಐವತ್ತೊಂದಕ್ಕೆ ಮುಗಿಯಿತು.

ಜೂನ್ 17

ಮಳೆ 31.4 ಮಿ.ಮೀ. ಈ ತಿಂಗಳ ದೊಡ್ಡದು. ಅಳತೆಯ ಗಾಜಿಗೆ ಎರಡು ಸಲ ಸುರಿಯಬೇಕಾಯಿತು. ಸಂತೋಷ. ಅನುವಾದದ ಕಾದಂಬರಿಯೊಂದನ್ನು ಓದುತ್ತಿದ್ದೇನೆ — ಮೈನಸ್ ಇಪ್ಪತ್ತು ಡಿಗ್ರಿ, ನಾಯಕ ಟೋಪಿಯಿಲ್ಲದೆ ಮೂರು ಪುಟ ನಡೆದ. ನಂಬಲಿಲ್ಲ. ಮುಂದುವರಿಸಿದೆ.

ಜೂನ್ 22, ಭಾನುವಾರ

ಸೊನ್ನೆಯವರ ಫೋನ್.

"ಕೇಂದ್ರ ಕಚೇರಿಯಿಂದ ಕೇಳ್ತಿದಾರಮ್ಮ, ಆಣೆಕಟ್ಟಲ್ಲಿ ಮೂವತ್ತೊಂದು ಮಿಲಿಮೀಟರ್ ಬಿತ್ತಂತಲ್ಲ ಅಂತ. ನಾನು ಹೇಳ್ದೆ, ಬಿದ್ದಿದ್ರೆ ನನಗೆ ಒಂದು ಮಾತು ಹೇಳದೆ ಬೀಳ್ತಿರ್ಲಿಲ್ಲ."

"ಕಳಿಸೋವಾಗ ತಪ್ಪು ಒತ್ತಿರ್ತೀರ."

"ಸೊನ್ನೆನ ಹೇಗಮ್ಮ ತಪ್ಪು ಒತ್ತೋದು?"

ಅವರಿಗೆ ಅದೂ ಸಾಧ್ಯ. ಅಂಗೈ ಮೇಲೆ ಬರೆಯುವವರು. ಒತ್ತುವ ಮುಂಚೆ ಒಮ್ಮೆ ನೋಡಿಕೊಳ್ಳಿ ಎಂದು ಬುದ್ಧಿ ಹೇಳಿ ಇಟ್ಟೆ.

ಜೂನ್ 25, ಮಧ್ಯಾಹ್ನ 3

ಕೇಂದ್ರ ಕಚೇರಿಯ ಪತ್ರ, ಇಂದೇ ಬರೆದು ಜವಾನನ ಕೈಯಲ್ಲಿ ಕಳಿಸಿದ್ದು. ಎರಡು ಸಲ ಓದಿದೆ, ತೋಳು ಚಾಚಿ ಹಿಡಿದು.

ನಮ್ಮ ಕೇಂದ್ರ ಜೂನ್ 10ರಿಂದ ಇಂದಿನವರೆಗೆ ಹದಿನಾರು ದಿನ ಖಾಲಿಯಂತೆ! ವರ್ಷದಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ಖಾಲಿ ಬಿಟ್ಟ ಕೇಂದ್ರಗಳ ಪಟ್ಟಿ ಮಾಡುತ್ತಿದ್ದಾರಂತೆ. ಅಲ್ಲಿ ಇನ್ನು ವೀಕ್ಷಕರಿರುವುದಿಲ್ಲ, ತಾನೇ ಓದುವ ಯಂತ್ರ ಕೂರಿಸುತ್ತಾರೆ. ತಪ್ಪು ವೀಕ್ಷಕರದ್ದಲ್ಲ ಎಂದು ತೋರಿಸಿದರೆ ಆ ದಿನಗಳನ್ನು ಬಿಡುತ್ತಾರೆ.

ಹದಿನಾರೂ ದಿನ ಕಳಿಸಿದ್ದೇನೆ. ಪ್ರತಿ ದಿನ 'ಸ್ವೀಕರಿಸಲಾಗಿದೆ' ಎಂದು ಹಸಿರು ಅಕ್ಷರ ಬಂದಿದೆ. ತಪ್ಪು ಪೋರ್ಟಲಿನದ್ದು. ನಾಳೆ ಬೆಳಿಗ್ಗೆ ಸಹಾಯವಾಣಿಗೆ ಫೋನ್ ಮಾಡಿ ಕಣ್ಣು ತೆರೆಸುತ್ತೇನೆ.

ಜೂನ್ 26, ಬೆಳಿಗ್ಗೆ 9.10

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎಂಟು ನಲವತ್ತಕ್ಕೆ ಫೋನ್ ಸಿಕ್ಕಿತು. ಅತ್ತ ಒಬ್ಬ ಹುಡುಗಿ. ತಾಳ್ಮೆಯವಳು.

"ಮೇಡಂ, ಸೈನ್ ಇನ್ ಆಗಿದೀರಲ್ಲ? ಪುಟದ ಬಲಮೂಲೆಯಲ್ಲಿ ಏನು ಹೆಸರಿದೆ ಓದಿ."

"ಹೆಸರಿಲ್ಲ. ನಿಮ್ಮ ಪುಟಕ್ಕೆ ಬಲಮೂಲೆಯೇ ಇಲ್ಲ."

"ಬಲಮೂಲೆ ಇಲ್ದೆ ಹೇಗಿರುತ್ತೆ ಮೇಡಂ? ಎಡಮೂಲೆ ಇದೆಯಾ?"

"ಇದೆ."

"ಹಾಗಾದ್ರೆ ಎದುರಿಗೆ ಇನ್ನೊಂದು ಇರ್ಲೇಬೇಕು. ಕೆಳಗೆ ಒಂದು ಪಟ್ಟಿ ಇರುತ್ತೆ, ಎಳೀರಿ."

ಎಳೆದೆ. ಪುಟ ಪಕ್ಕಕ್ಕೆ ಸರಿಯಿತು. ಬಲಮೂಲೆ ಬಂತು. ಅಲ್ಲಿ ಸೊನ್ನೆಯವರ ಹೆಸರು, ಇನಿಷಿಯಲ್ ಸಮೇತ. ಕೆಳಗೆ: ಆಣೆಕಟ್ಟು ಕೇಂದ್ರ.

ಆ ಸೋಮವಾರ ಅವರು ಒತ್ತಿದ 'ಹೌದು'ಗಳಲ್ಲಿ ಒಂದು — ಈ ಪಾಸ್‌ವರ್ಡ್ ಉಳಿಸಿಕೊಳ್ಳಲೇ? ಬ್ರೌಸರ್ ಉಳಿಸಿಕೊಂಡಿತು. ಮಾರನೇ ದಿನದಿಂದ ಪೆಟ್ಟಿಗೆ ತುಂಬಿದ್ದು ಅವರ ನಂಬರಿನಿಂದ. ಹನ್ನೊಂದು ಅಂಕಿಯ ನಂಬರ್. ಉಬ್ಬಿಸಿದ ಪುಟದಲ್ಲಿ ಕಾಣುವುದು ಮೊದಲ ಎಂಟು. ಬೇರೆ ಇರುವುದು ಕೊನೆಯ ಮೂರು.

ಅವರು ಪ್ರತಿ ದಿನ ಎಂಟು ಮೂವತ್ತೈದಕ್ಕೇ ತಮ್ಮ ಸೊನ್ನೆ ಕಳಿಸುತ್ತಾರೆ. ಐವತ್ತಕ್ಕೆ ನಾನು ಅದರ ಮೇಲೆ ನನ್ನ ಮಳೆ ಕಳಿಸಿದ್ದೇನೆ. ಎರಡನೇ ಸಲ ಕಳಿಸಿದ್ದು ಮೊದಲಿನದಕ್ಕೆ ತಿದ್ದುಪಡಿ ಎಂದು ಲೆಕ್ಕ.

ಯಂತ್ರಕ್ಕೆ ಹತ್ತಿದ ಗುರುತು ನನ್ನದಲ್ಲ.

"ಮೇಡಂ, ಲೈನಲ್ಲಿದೀರಾ?"

ಇದ್ದೆ. ಸೈನ್ ಔಟ್ ಆದೆ. ಪೆಟ್ಟಿಗೆಗಳನ್ನು ಅಳಿಸಿದೆ. ರಿಜಿಸ್ಟರ್ ತೆಗೆದು, ನನ್ನ ನಂಬರ್, ನನ್ನ ಪಾಸ್‌ವರ್ಡ್, ಒಂದೊಂದೇ ಅಂಕಿ. ಎಂಟು ಐವತ್ತೇಳಕ್ಕೆ ಒಳಗೆ ಹೋದೆ. ಪಟ್ಟಿ ಎಳೆದು ಬಲಮೂಲೆ ನೋಡಿದೆ. ನಾನೇ. ಐವತ್ತೊಂಬತ್ತಕ್ಕೆ ಕಳಿಸಿದೆ.

ಒಂದು ನಿಮಿಷ ಉಳಿಯಿತು.

ಅದೇ ದಿನ, ಸಂಜೆ

ಬಸ್ಸಿನಲ್ಲಿ ಆಣೆಕಟ್ಟಿಗೆ ಹೋದೆ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ಸೊನ್ನೆಯವರ ಮೇಜಿನ ಮೇಲೂ ಒಂದು ಪತ್ರ: ಹದಿನಾರು ದಿನವೂ ರೀಡಿಂಗನ್ನು ಕಳಿಸಿದ ಹದಿನೈದೇ ನಿಮಿಷದಲ್ಲಿ ತಿದ್ದಿದ್ದೀರಿ, ಇಲ್ಲದ ಮಳೆ ತೋರಿಸಿದ್ದೀರಿ, ಯಾಕೆಂದು ವಿವರಣೆ ಕೊಡಿ. ನಿವೃತ್ತಿಗೆ ಐದು ವಾರ ಇರುವವರಿಗೆ ಬರಬೇಕಾದ ಪತ್ರವಲ್ಲ.

ಎಲ್ಲ ಹೇಳಿದೆ. ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಂದ್ರೆ ಆ ಮೂವತ್ತೊಂದು ನಿಮ್ದಾ? ಇಪ್ಪತ್ತೆಂಟು ವರ್ಷ ಕಾದಿದ್ದೆ ಕಣಮ್ಮ, ನನ್ನ ಹೆಸರಲ್ಲಿ ಒಂದು ದೊಡ್ಡ ಮಳೆ ಬರ್ಲಿ ಅಂತ. ಅದೂ ಕೈಬಿಟ್ಟು ಹೋಯ್ತು."

ನನಗೆ ನಗು ಬರಲಿಲ್ಲ. ಬಂದ ಬಸ್ಸಿನಲ್ಲೇ ವಾಪಸಾದೆ.

ಜೂನ್ 30, ಸೋಮವಾರ

ಕೇಂದ್ರ ಕಚೇರಿಯಿಂದ ಪರಿವೀಕ್ಷಕರು ಬಂದರು. ತಲೆ ಎತ್ತದೆ ಮಾತಾಡುವ ಮನುಷ್ಯ, ಆದರೆ ಕೆಟ್ಟವರಲ್ಲ. ಸೊನ್ನೆಯವರನ್ನೂ ಇಲ್ಲಿಗೇ ಕರೆಸಿದ್ದರು. ನನ್ನ ರಿಜಿಸ್ಟರಿನ ಹದಿನಾರು ದಿನವನ್ನೂ ಪೋರ್ಟಲಿನಲ್ಲಿ ಆಣೆಕಟ್ಟಿನ ಹೆಸರಿಗೆ ಬಿದ್ದದ್ದನ್ನೂ ಬೆರಳಿಟ್ಟು ತಾಳೆ ನೋಡಿದರು. ಒಂದು ಅಂಕಿಯೂ ಆಚೀಚೆ ಇಲ್ಲ.

ಆಮೇಲೆ ನನ್ನ ಮುಂದೆ ಒಂದು ಫಾರಂ ಸರಿಸಿದರು. 'ವೀಕ್ಷಕರ ತಪ್ಪಿನಿಂದ ಖಾಲಿಯಾದ ದಿನಗಳು' — ಎದುರಿಗೆ ಒಂದು ಚೌಕ, ಅಂಕಿ ಬರೆಯಲು.

"ನೋಡಿ, ಹತ್ತನೇ ತಾರೀಕಿನದ್ದು ಇವರು ಪಾಸ್‌ವರ್ಡ್ ಬಿಟ್ಟು ಹೋಗಿದ್ರಿಂದ ಆಯ್ತು ಅಂತ ಬರೆದ್ರೆ ನಿಮ್ಮದು ಹದಿನೈದು ಉಳಿಯುತ್ತೆ. ಹದಿನೈದಕ್ಕೆ ಪಟ್ಟಿ ಇಲ್ಲ. ಹದಿನಾರಕ್ಕೆ ಇದೆ."

"ಅವರಿಗೆ?"

"ಬೇರೆಯವರ ಕಂಪ್ಯೂಟರಲ್ಲಿ ಪಾಸ್‌ವರ್ಡ್ ಉಳಿಸಿದ್ದಕ್ಕೆ ಒಂದು ರಿಮಾರ್ಕ್. ಸರ್ವಿಸ್ ಪುಸ್ತಕದಲ್ಲಿ."

"ಬರೀರಿ ಬರೀರಿ," ಸೊನ್ನೆಯವರು ಚಹಾ ಹೀರುತ್ತ. "ಒಂದು ರಿಮಾರ್ಕೂ ಇಲ್ದೆ ಹೋದ್ರೆ ಇವನು ಇಲ್ಲಿ ಕೆಲಸಾನೇ ಮಾಡಿಲ್ಲ ಅಂದ್ಕೋತಾರೆ."

"ನಾಡಿದ್ದು ಕೊಡ್ತೀನಿ," ಎಂದೆ. ಫಾರಂ ಮಡಚಿ ರಿಜಿಸ್ಟರಿನೊಳಗಿಟ್ಟೆ.

ಒಂದೇ ದಿನ.

ಜುಲೈ 1

ನಿನ್ನೆ ಹೊರಡುವಾಗ ಸೊನ್ನೆಯವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಪ್ಪನ ಪೆಟ್ಟಿಗೆ ಉಳಿಸ್ಕೊಳ್ಳಿ ಅಮ್ಮ. ನನ್ನದೇನು, ಮನೆಗೆ ಹೋಗೋ ಪುಸ್ತಕ."

ಪಾಸ್‌ವರ್ಡ್ ಉಳಿಸಿದ್ದು ಅವರೇ. ನಿಜ. ಹತ್ತನೇ ತಾರೀಕು ಪೆಟ್ಟಿಗೆ ತುಂಬಿದ್ದು ಅದರಿಂದಲೇ. ಅದೂ ನಿಜ. ಆದರೆ ಹನ್ನೊಂದಕ್ಕೆ ತುಂಬಿದ್ದೂ ಅದರಿಂದಲೇ, ಇಪ್ಪತ್ತೈದಕ್ಕೂ. ಅವರ ತಪ್ಪು ಎಂದರೆ ಹದಿನಾರೂ ಅವರದು. ನನ್ನದು ಎಂದರೆ ಹದಿನಾರೂ ನನ್ನದು. ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಗೆರೆ ಎಳೆಯುವ ಜಾಗವೇ ಇಲ್ಲ. ಹುಡುಕಿದೆ.

ಗುಂಡಿ ಒತ್ತಿದ ಬೆರಳು ನನ್ನದು. ಮೂಲೆ ಆಚೆ ಹೋಗಿದ್ದು ಪುಟ ಉಬ್ಬಿಸಿದ್ದಕ್ಕೆ. ಉಬ್ಬಿಸಿದ್ದು —

ವೇಗಕ್ಕೆ ಎಂದು ಜೂನ್ 5ರಲ್ಲಿ ಬರೆದಿದ್ದೇನೆ. ಇದೇ ಪುಸ್ತಕದಲ್ಲಿ. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಸಮಜಾಯಿಷಿ ಕೊಟ್ಟೆ?

ಸಂಜೆ ನೇರ ಕನ್ನಡಕದ ಅಂಗಡಿಗೆ ಹೋದೆ. ತಮ್ಮನ ಮಗಳು ಗಿರಾಕಿಯೊಬ್ಬರಿಗೆ ಚೌಕಟ್ಟು ತೋರಿಸುತ್ತಿದ್ದಳು. ನನ್ನನ್ನು ನೋಡಿ ಸುಮ್ಮನೆ ಸ್ಟೂಲ್ ಎಳೆದಳು. ಗೋಡೆಯ ಬೋರ್ಡು. ನಾಲ್ಕನೇ ಸಾಲಿನವರೆಗೆ ಗಟ್ಟಿಯಾಗಿ ಓದಿದೆ. ಐದನೆಯದಕ್ಕೆ ಬಂದಾಗ ಅಂದಾಜು ಹಾಕಬಹುದಿತ್ತು.

"ಕಾಣ್ತಿಲ್ಲ," ಎಂದೆ. ಆಮೇಲೆ ಹತ್ತಿರದ ಅಕ್ಷರದ ಕಾರ್ಡ್ ಕೈಗಿಟ್ಟಳು. ಅದಂತೂ ಇನ್ನೂ ಹೀನಾಯ.

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ನಾಲ್ಕು ದಿನ ಆಗುತ್ತೆ ಅತ್ತೆ, ಗಾಜು ಬರೋಕೆ," ಎಂದು ಚೀಟಿ ಬರೆದಳು. ಮನೆಗೆ ಬಂದಮೇಲೆ ಮಾತ್ರ ಅವರಪ್ಪನಿಗೆ, ನನಗೆ ಕೇಳುವಂತೆ: "ಇವತ್ತು ಅಂಗಡಿಗೆ ದೊಡ್ಡ ಮನುಷ್ಯರು ಬಂದಿದ್ರು."

ಜುಲೈ 2

ಚೌಕದಲ್ಲಿ 16 ಬರೆದೆ. ಪೆನ್ಸಿಲ್ ಅಲ್ಲ, ಪೆನ್ನು. ಕಾರಣದ ಜಾಗದಲ್ಲಿ: 'ವೀಕ್ಷಕರ ಹತ್ತಿರದ ದೃಷ್ಟಿ ಕುಂದಿದೆ. ಅದಕ್ಕಾಗಿ ಪುಟ ದೊಡ್ಡದು ಮಾಡಲಾಯಿತು. ಸೈನ್ ಇನ್ ಆದಮೇಲೆ ಹೆಸರು ನೋಡಿಲ್ಲ, ಹದಿನಾರು ದಿನವೂ. ಆಣೆಕಟ್ಟಿನ ವೀಕ್ಷಕರ ಮೂಲ ರೀಡಿಂಗುಗಳು ಸರಿ ಇವೆ, ಮರಳಿ ಸೇರಿಸತಕ್ಕದ್ದು.'

ಹತ್ತನೇ ಒಂದು ಭಾಗವನ್ನೂ ಯಾವತ್ತೂ ಪೂರ್ಣಾಂಕ ಮಾಡಿದವಳಲ್ಲ. ಇಡೀ ಒಂದು ದಿನವನ್ನು ಹೇಗೆ ಮಾಡಲಿ? ಅಂಚೆಗೆ ಹಾಕಿ ಬಂದು ಎರಡು ಲೋಟ ಚಹಾ ಕುಡಿದೆ. ಚೆನ್ನಾಗಿತ್ತು.

ಜುಲೈ 6, ಭಾನುವಾರ

ಕನ್ನಡಕ ಬಂತು. ಬೆಳಿಗ್ಗೆ ಮೊದಲು ಬರಿಗಣ್ಣು, ಆಮೇಲೆ ಕನ್ನಡಕ. ಒಣದ್ದು ಎರಡು ಸಲವೂ 23.9. ಒದ್ದೆಯದು ಬರಿಗಣ್ಣಿಗೆ 21.6, ಕನ್ನಡಕಕ್ಕೆ 21.4.

ಎರಡನ್ನೂ ಬರೆದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ: 'ಇಂದಿನಿಂದ ಕನ್ನಡಕ.' ನಲವತ್ತಾರು ವರ್ಷದ ರಿಜಿಸ್ಟರಿನಲ್ಲಿ ಇದೇ ಮೊದಲ ಕೆಂಪು ಅಕ್ಷರ. ಪುಟಕ್ಕೆ ಕೆಟ್ಟದಾಗೇನೂ ಕಾಣುವುದಿಲ್ಲ.

ಬ್ರೌಸರಿನ ಪುಟವನ್ನು ಮೊದಲಿನ ಗಾತ್ರಕ್ಕೆ ಇಳಿಸಿದೆ. ನಾಲ್ಕೂ ಮೂಲೆ ಇವೆ.

ಜುಲೈ 11

ಎರಡು ಸುದ್ದಿ. ಸೊನ್ನೆಯವರ ಮೇಲಿನ ಪತ್ರ ವಾಪಸ್; ಅವರ ಸೊನ್ನೆಗಳೆಲ್ಲ ಮರಳಿ ಬಂದವು. "ಹದಿನಾರೂ ಎಣಿಸಿದೆ, ಒಂದೂ ಕಮ್ಮಿ ಇಲ್ಲ!" ಎಂದು ಫೋನ್ ಮಾಡಿದರು.

ಇನ್ನೊಂದು: ನಮ್ಮ ಕೇಂದ್ರ ಪಟ್ಟಿಯಲ್ಲಿದೆ. ಯಂತ್ರ ಬರುತ್ತದೆ.

ಆದರೆ ಕೆಳಗೆ ಒಂದು ಸಾಲು. ಕಾಗದದ ರಿಜಿಸ್ಟರ್ ಪೂರ್ತಿ ಇರುವ ಕೇಂದ್ರಗಳಿಗೆ ಮೂವತ್ತು ಬೆಳಗಿನ ಅವಕಾಶ: ಯಂತ್ರದ ಪಕ್ಕದಲ್ಲೇ ವೀಕ್ಷಕರೂ ಒಣ ಉಷ್ಣಮಾಪಕ ಓದಬೇಕು. ವ್ಯತ್ಯಾಸ ಡಿಗ್ರಿಯ ಹತ್ತನೇ ಎರಡು ಭಾಗ ದಾಟಬಾರದು. ಒಂದು ದಿನವೂ ದಾಟಬಾರದು. ಮೂವತ್ತೂ ಸರಿ ಬಂದರೆ ವೀಕ್ಷಕರು ಮುಂದುವರಿಯಬಹುದು.

ಎರಡು ಭಾಗ! ಒಂದು ಸಾಕಿತ್ತು.

ಜುಲೈ 14, ಸೋಮವಾರ

ಯಂತ್ರವನ್ನು ತಂದು ಕೂರಿಸಿದರು. ಒಂದು ಕಂಬ, ಒಂದು ಡಬ್ಬಿ, ಸೀಲ್. ಅದರ ಅಂಕಿಯನ್ನು ನಾನು ನೋಡುವಂತಿಲ್ಲ. ಘಟಕದ ಪಂಪ್ ಆಪರೇಟರ್ ಓದಿ ಚೀಟಿ ಬರೆಯುತ್ತಾರೆ. ನಾನು ಮೊದಲು ನನ್ನದನ್ನು ಪೆನ್ಸಿಲಿನಲ್ಲಿ ಬರೆದು, ಸೈನ್ ಇನ್ ಆಗಿ, ಬಲಮೂಲೆ ನೋಡಿ, ಕಳಿಸಬೇಕು. ಆಮೇಲೆ ಚೀಟಿ.

ನಾನು 24.1. ಚೀಟಿ 24.1.

ಜುಲೈ 23

ಹತ್ತನೇ ಬೆಳಗು. ವ್ಯತ್ಯಾಸ 0.1. ಪಂಪ್ ಆಪರೇಟರ್ ಹಲ್ಲು ಕಚ್ಚಿಕೊಂಡು ಚೀಟಿ ಕೊಡುತ್ತಾರೆ, ಪರೀಕ್ಷೆ ಅವರದ್ದೇ ಎಂಬಂತೆ.

ಆಗಸ್ಟ್ 4

ಗಾಳಿಗೆ ಕನ್ನಡಕದ ಮೇಲೆ ಧೂಳು. ಒರೆಸಿ ಓದಿದೆ. ವ್ಯತ್ಯಾಸ 0.2. ಗಡಿಯ ಮೇಲೆಯೇ ಕೂತಿತು, ದಾಟಲಿಲ್ಲ. ಮತ್ತೆ ಹೋಗಿ ನೋಡಿದೆ — ನಾನು ಓದಿದ್ದು ಸರಿಯೇ. ಯಂತ್ರಕ್ಕೂ ಯಾರಾದರೂ ಕನ್ನಡಕ ಒರೆಸಬೇಕು.

ಆಗಸ್ಟ್ 11

ಇಪ್ಪತ್ತೊಂಬತ್ತು ಆಯಿತು. ಎಲ್ಲ ಒಳಗೇ.

ಪಂಪ್ ಆಪರೇಟರ್‌ಗೆ ನಾಳೆ ರಜೆ. ಬದಲಿಗೆ ಸೊನ್ನೆಯವರನ್ನು ಒಪ್ಪಿದ್ದಾರೆ. ನಿವೃತ್ತರಾಗಿ ಹನ್ನೊಂದು ದಿನ; ಮನೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಏನು ಮಾಡಬೇಕೋ ತೋಚುವುದಿಲ್ಲವಂತೆ. ಅಂಗೈ ಮೇಲೆ ಬರೆಯಕೂಡದು ಎಂದು ಮೊದಲೇ ಹೇಳಿದ್ದೇನೆ.

ಆಗಸ್ಟ್ 12, ಮಂಗಳವಾರ, ಬೆಳಿಗ್ಗೆ 8.52

ಮೂವತ್ತನೆಯದು. ಪೆಟ್ಟಿಗೆ ತೆರೆದೆ, ಉಸಿರು ಬಿಗಿಹಿಡಿದು ಓದಿದೆ: 23.6. ಮತ್ತೊಮ್ಮೆ ನೋಡಲಿಲ್ಲ, ಎರಡು ಸಲ ನೋಡಿದರೆ ಅದು ಓದಲ್ಲ, ಆಸೆ. ಪೆನ್ಸಿಲಿನಲ್ಲಿ ಬರೆದೆ. ಸೈನ್ ಇನ್ ಆದೆ, ಹನ್ನೊಂದೂ ಅಂಕಿ ಟೈಪ್ ಮಾಡಿ. ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದಿತು. ಬೇಡ. ಬಲಮೂಲೆಯಲ್ಲಿ ನನ್ನ ಹೆಸರು. ಅದರ ಕೆಳಗೆ ಕೇಂದ್ರದ್ದು. ಕಳಿಸಿದೆ. ಹಸಿರು ಅಕ್ಷರ ಬಂತು. ಇನ್ನು ಯಂತ್ರ ಏನೇ ಹೇಳಲಿ, ನನ್ನದನ್ನು ತಿದ್ದುವುದಿಲ್ಲ.

ಕಿಟಕಿಯಾಚೆ ಸೊನ್ನೆಯವರು ಕಂಬದ ಮುಂದೆ ಬಗ್ಗಿ, ಕೈಯಲ್ಲಿ ಚೀಟಿ ಹಿಡಿದು ಕೂಗುತ್ತಿದ್ದಾರೆ.

"ಕಳಿಸಿದ್ರಾ ಅಮ್ಮ?"

"ಕಳಿಸಿದೆ! ಓದಿ!"

"ಇಪ್ಪತ್ಮೂರು..."

"ಆಮೇಲೆ?"

"ಇಪ್ಪತ್ಮೂರು ಪಾಯಿಂಟ್..."

ನಿಲ್ಲಿಸಿದರು. ಬೇಕೆಂದೇ. ಇತ್ತ ತಿರುಗಿದರು. ಹೊಟ್ಟೆ ಹಿಡಿದುಕೊಂಡಿದ್ದಾರೆ. ಈ ನಗು ನನಗೆ ಗೊತ್ತು, ಆಣೆಕಟ್ಟಿನಲ್ಲಿ ನೋಡಿದ್ದು. "ಆರು ಅಮ್ಮ, ಆರು!"